ಕಿರುಬೆರಳಿನ ಕಡೆಯ ನಾಡಿ

ಮೊದಲ ಗುದ್ದು ನನ್ನ ಮೂಗಿಗೆ ಬಿತ್ತು. ಎರಡನೆಯದು ಎಲ್ಲಿಗೆ ಬಿತ್ತೆಂದು ನೋಡಿಕೊಳ್ಳಲು ಕಣ್ಣೇ ಕಾಣುತ್ತಿರಲಿಲ್ಲ.

"ಬಿಡೋ! ಪೊಲೀಸ್ ಕಣೋ ನಾನು!"

"ಗೊತ್ತು ಸಾರ್! ಅದಕ್ಕೇ ಹೊಡೀತಿರೋದು!" ಎಂದು ಕೊಸ್ಮಿನ್ ಮೂರನೆಯದನ್ನು ಹೊಟ್ಟೆಗೆ ಇಳಿಸಿದ.

ಈ ಕೊಸ್ಮಿನ್ ವಯಸ್ಸಿನಲ್ಲಿ ನನ್ನ ಅರ್ಧ, ಅಗಲದಲ್ಲಿ ದುಪ್ಪಟ್ಟು. ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಹೋದ ವರ್ಷ ಮುಗ್ಗರಿಸಿ, ಈ ವರ್ಷ ಮತ್ತೆ ಬರೆಯಲು ಕೂತ ರಿಪೀಟರ್. ನಮ್ಮ ಯಾಶ್ ನಗರದಲ್ಲಿ ಅಂಥವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ವಿಶೇಷವೆಂದರೆ ಇವನು ಇಲಿಂಕಾಳ ಹಳೆಯ ಗೆಳೆಯ. ಮೂರನೇ ಸಲ ಅದೇ ಪರೀಕ್ಷೆಗೆ ಓದುತ್ತಿದ್ದ ಆ ಹುಡುಗಿಯ ತಲೆಯನ್ನು, ಅವಳ ಬಾಡಿಗೆ ಮನೆಯ ಅಡುಗೆಕೋಣೆಯಲ್ಲೇ, ಮಾಂಸ ಜಜ್ಜುವ ಕಬ್ಬಿಣದ ಸುತ್ತಿಗೆಯಿಂದ ಯಾರೋ ಒಡೆದಿದ್ದರು. ಅಂದಿನಿಂದ ಈ ಮಹಾಶಯ ನಾಪತ್ತೆ.

ಅವನನ್ನು ಹುಡುಕಲು ನಾವು ರೈಲ್ವೆ ನಿಲ್ದಾಣಕ್ಕೆ ಹೋಗಲಿಲ್ಲ, ಗಡಿಗೂ ಹೋಗಲಿಲ್ಲ. "ಅವನ ಪುಸ್ತಕ ಮನೆಪಾಠದ ಮೇಷ್ಟ್ರ ಮನೇಲಿ ಉಳ್ಕೊಂಡಿದೆ. ಪರೀಕ್ಷೆಗೆ ಇನ್ನು ವಾರಾನೂ ಇಲ್ಲ. ಬಂದೇ ಬರ್ತಾನೆ, ಕಾಯ್ರಿ" ಎಂದಿದ್ದರು ನಮ್ಮ ಇನ್‌ಸ್ಪೆಕ್ಟರ್ ಸ್ಮರಂದಾ ಹ್ರಿಸ್ಕು ಮೇಡಂ. ಕೊಲೆಯ ಆರೋಪ ಹೊತ್ತು ಓಡುತ್ತಿರುವವನು ಜೀವಶಾಸ್ತ್ರದ ಪುಸ್ತಕಕ್ಕಾಗಿ ವಾಪಸು ಬರುತ್ತಾನೆಯೇ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಬಂದ. ಆ ಪುಸ್ತಕವನ್ನು ಎದೆಗೆ ಅವಚಿಕೊಂಡೇ, ಮೇಷ್ಟ್ರ ಮನೆಯ ಮೆಟ್ಟಿಲ ಮೇಲೆ ನನ್ನ ಮೂಗು ಮುರಿದ.

ನಾನು ಅವನ ಸೊಂಟಕ್ಕೆ ಜೋತುಬಿದ್ದೆ. ಇಬ್ಬರೂ ಮೆಟ್ಟಿಲ ತಿರುವಿನ ತನಕ ಉರುಳಿದೆವು. ಅಲ್ಲಿ ಯಾರದೋ ಮನೆಯವರು ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳನ್ನು ಸಾಲಾಗಿ ಇಟ್ಟಿದ್ದರು. ಕೊಸ್ಮಿನ್ ಒಂದನ್ನು ಗೋಡೆಗೆ ಕುಟ್ಟಿದ. ಚೂಪಾದ ಗಾಜಿನ ಕಂಠ ಅವನ ಕೈಯಲ್ಲುಳಿಯಿತು, ಉಪ್ಪುನೀರು ನನ್ನ ಮುಖಕ್ಕೆ ರಾಚಿತು.

"ನಾನು ಅವಳನ್ನ ಮುಟ್ಟಿಲ್ಲ! ಈ ವರ್ಷನೂ ಹಾಳು ಮಾಡ್ಬೇಡ್ರೋ ನನ್ನ!" ಎನ್ನುತ್ತಾ ಗಾಜನ್ನು ನನ್ನ ಕತ್ತಿನ ಕಡೆಗೆ ತಂದ. ನಾನು ಅಂಗೈ ಅಡ್ಡ ಕೊಟ್ಟೆ. ಸೀಳಿತು. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಮೇಲಿನಿಂದ ಒಂದು ಸದ್ದು. ಮೇಡಂಗೆ ಐವತ್ತು ದಾಟಿದೆ, ಮಂಡಿನೋವು ಬೇರೆ. ಮೆಟ್ಟಿಲ ಪಕ್ಕದಲ್ಲಿದ್ದ ಖಾಲಿ ಪೀಪಾಯಿಯ ಮರದ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ಅವನ ನೆತ್ತಿಯ ಮೇಲೆ ಬಾರಿಸಿದ್ದರು. ಕೊಸ್ಮಿನ್ ಮಂಡಿಯೂರಿದ. ಇನ್ನೊಮ್ಮೆ ಬಾರಿಸಿದರು. ಮಲಗಿದ.

"ಪುಸ್ತಕ ಕೊಡೋ ಕಂದಾ. ರಕ್ತ ಆಗ್ತಿದೆ ಅದಕ್ಕೆ" ಎಂದರು ಏದುಸಿರು ಬಿಡುತ್ತಾ.

ಆಶ್ಚರ್ಯವೆಂದರೆ ಅವನು ಕೊಟ್ಟ.

*

ಮೂರನೇ ಮಹಡಿಯ ಬಾಗಿಲು ತೆರೆದು ಪಾಂತೆಲಿಮೋನ್ ಮೇಷ್ಟ್ರು ಇಣುಕಿದರು. ಜೀವಶಾಸ್ತ್ರದ ಮನೆಪಾಠಕ್ಕೆ ಇಡೀ ಊರಿನಲ್ಲಿ ಹೆಸರು ಮಾಡಿದವರು. ಇಲಿಂಕಾ, ಕೊಸ್ಮಿನ್, ಇಲಿಂಕಾಳ ಜೊತೆ ಮನೆ ಹಂಚಿಕೊಂಡಿದ್ದ ಒತಿಲಿಯಾ, ಮೂವರೂ ಇವರ ಶಿಷ್ಯರೇ. ತಪ್ಪು ಉತ್ತರ ಹೇಳಿದರೆ ಬೆರಳ ಗೆಣ್ಣಿನ ಮೇಲೆ ಮರದ ಅಡಿಪಟ್ಟಿಯಿಂದ ಹೊಡೆಯುತ್ತಾರೆ. ಹೊಡೆಸಿಕೊಂಡವರ ಅಪ್ಪ ಅಮ್ಮಂದಿರು ಈಸ್ಟರ್‌ಗೆ ಕುರಿಮರಿಯ ತೊಡೆ ತಂದುಕೊಟ್ಟು ಕೈಮುಗಿಯುತ್ತಾರೆ. ನಮ್ಮ ಜನ ಹಾಗೆ, ಏನು ಮಾಡುವುದು.

"ಒಳಗೆ ಕರ್ಕೊಂಡು ಬನ್ನಿ. ಮೆಟ್ಟಿಲ ಮೇಲೆ ಹೀಗೆ ರಕ್ತ ಚೆಲ್ಲಿದ್ರೆ ಮಕ್ಕಳು ಹೆದರ್ಕೋತಾರೆ" ಎಂದು ಅವರೇ ಕೊಸ್ಮಿನ್‌ನ ಒಂದು ತೋಳು ಹಿಡಿದರು.

ಪಾಠದ ಕೋಣೆಯಲ್ಲಿ ಅವನನ್ನು ರೇಡಿಯೇಟರ್ ಕೊಳವೆಗೆ ಬೇಡಿ ಹಾಕಿ ಕೂರಿಸಿದೆ. ಮೇಷ್ಟ್ರು ನನ್ನ ಅಂಗೈಗೆ ಬಟ್ಟೆ ಸುತ್ತಿದರು. ಅಚ್ಚುಕಟ್ಟಾದ ಕೈ, ಒಂದಿಷ್ಟೂ ನಡುಗಲಿಲ್ಲ.

ಇಲ್ಲಿ ಒಂದು ಗುಟ್ಟನ್ನು ನಿಮಗೆ ಹೇಳಿಬಿಡಬೇಕು. ಮೇಷ್ಟ್ರಿಗೂ ಗೊತ್ತಿಲ್ಲ, ಕೊಸ್ಮಿನ್‌ಗೂ ಗೊತ್ತಿಲ್ಲ, ಊರಿಗೆ ಊರೇ ಬೇರೆ ನಂಬಿದೆ. ಇಲಿಂಕಾ ಸತ್ತಿಲ್ಲ. ದೊಡ್ಡಾಸ್ಪತ್ರೆಯ ಮೇಲಿನ ಮಹಡಿಯ ಒಂದು ಮೂಲೆ ಕೋಣೆಯಲ್ಲಿ, ಬೇರೆ ಹೆಸರಿನಲ್ಲಿ, ಮೈತುಂಬ ಕೊಳವೆ ಚುಚ್ಚಿಸಿಕೊಂಡು ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಶವ ಪೊಲೀಸರ ವಶದಲ್ಲಿದೆ ಎಂದು ಪೇಪರಿನವರಿಗೆ ಹೇಳಿದವರು ಮೇಡಂ. ಹೊಡೆದವನು ಅವಳು ಸತ್ತಳೆಂದು ನಿಶ್ಚಿಂತೆಯಾಗಿರುವ ತನಕ ಮಾತ್ರ ಅವಳ ಜೀವ ಉಳಿಯುತ್ತದೆ. ಈ ವಿಷಯ ಗೊತ್ತಿದ್ದದ್ದು ಡಾಕ್ಟರಿಗೆ, ಬಾಗಿಲು ಕಾಯುವ ನಮ್ಮ ದೀನುಗೆ, ನಮ್ಮಿಬ್ಬರಿಗೆ, ಆಮೇಲೆ ಅವಳ ಅಮ್ಮ ಅಗ್ಲಾಯಾಗೆ.

ಆ ತಾಯಿಗೆ ಕಪ್ಪು ಬಟ್ಟೆ ಉಡಿಸಿ, ಮಗಳ ಬಾಡಿಗೆ ಮನೆಯಲ್ಲಿ ಕೂರಿಸಿ, ಬಂದವರ ಮುಂದೆ ಅಳಿ ಎಂದು ಹೇಳಿಬಂದವನು ನಾನು. ಪೊಲೀಸ್ ಕೆಲಸದಲ್ಲಿ ಇದಕ್ಕಿಂತ ಹೊಲಸು ಕೆಲಸ ನಾನು ಮಾಡಿದ್ದಿಲ್ಲ.

ಹುಡುಗಿ ಉಳಿದದ್ದೂ ಒಂದು ಅಚಾತುರ್ಯದಿಂದ. ಹೊಡೆದ ಮೇಲೆ ಯಾರೋ ಪಕ್ಕದಲ್ಲಿ ಕೂತು ಅವಳ ನಾಡಿ ನೋಡಿದ್ದರು. ಎಡ ಮಣಿಕಟ್ಟಿನ ಮೇಲೆ ರಕ್ತ ಮೆತ್ತಿದ ಮೂರು ಬೆರಳುಗಳ ಗುರುತಿತ್ತು. ಆದರೆ ಹೆಬ್ಬೆರಳಿನ ಕಡೆಗಲ್ಲ, ಕಿರುಬೆರಳಿನ ಕಡೆಗೆ. "ಅಲ್ಲಿ ನಾಡಿ ಸಿಗೋದು ನಮಗೇ ಕಷ್ಟ. ನಾಡಿ ಇಲ್ಲ ಅಂದ್ಕೊಂಡು ಎದ್ದು ಹೋಗಿದ್ದಾರೆ" ಎಂದಿದ್ದರು ಡಾಕ್ಟರು.

ಮೇಡಂ ಕುರ್ಚಿ ಎಳೆದು ಕೊಸ್ಮಿನ್‌ನ ಮುಂದೆ ಕೂತರು. ತೋಳು ಮಡಚಿ ಮಣಿಕಟ್ಟು ಚಾಚಿದರು.

"ನನ್ನ ನಾಡಿ ನೋಡೋ."

"ಏನು?"

"ಡಾಕ್ಟರ್ ಆಗೋನಲ್ವಾ ನೀನು? ನೋಡು."

ಅವನ ತುಟಿ ಸೀಳಿತ್ತು, ಹಣೆಯಿಂದ ರಕ್ತ ಹುಬ್ಬಿಗೆ ಇಳಿಯುತ್ತಿತ್ತು. ಬೇಡಿಯಿಲ್ಲದ ಕೈಯನ್ನು ಅನುಮಾನದಿಂದಲೇ ಮುಂದೆ ತಂದ. ಬೆರಳುಗಳು ನೇರವಾಗಿ ಹೆಬ್ಬೆರಳಿನ ಬುಡದ ಕಡೆ ಕೂತವು.

"ಜೋರಾಗಿ ಹೊಡ್ಕೋತಿದೆ ಮೇಡಂ."

"ನಿನ್ನ ತಲೆ ಮೇಲೆ ಮುಚ್ಚಳ ಹೊಡೆದಿದ್ದೀನಲ್ಲಪ್ಪ, ಹೊಡ್ಕೊಳ್ದೆ ಇನ್ನೇನು" ಎಂದು ಮೇಡಂ ಕೈ ಹಿಂತೆಗೆದು ಮೇಷ್ಟ್ರ ಕಡೆ ತಿರುಗಿದರು. "ನೀವೂ ಒಂದ್ಸಲ ನೋಡಿಬಿಡಿ ಸಾರ್."

ಮೇಷ್ಟ್ರು ನಕ್ಕು ಎರಡು ಬೆರಳು ಇಟ್ಟರು. ಸರಿಯಾದ ಜಾಗಕ್ಕೇ ಇಟ್ಟರು. "ನಿಮಗೆ ಉಪ್ಪು ಕಮ್ಮಿ ಮಾಡ್ಬೇಕು ಮೇಡಂ" ಎಂದರು.

ನನ್ನ ಲೆಕ್ಕದಲ್ಲಿ ಇಬ್ಬರೂ ಪಾಸು. ಅಂದರೆ ನನ್ನ ಮೂಗು ಮುರಿದದ್ದು ದಂಡ.

"ಹಾಗಾದ್ರೆ ನಾಡೀನ ಇಲ್ಲಿ ನೋಡೋದು ಯಾರೋ?" ಮೇಡಂ ತಮ್ಮ ಕಿರುಬೆರಳಿನ ಬುಡವನ್ನು ಒತ್ತಿ ತೋರಿಸಿದರು.

ಕೊಸ್ಮಿನ್ ಆ ಸ್ಥಿತಿಯಲ್ಲೂ ಕಿಸಕ್ಕನೆ ನಕ್ಕ. ಹಲ್ಲಿನ ನಡುವೆ ರಕ್ತವಿತ್ತು. "ಅದಾ? ಅದು ಹಳೇ ಪುಸ್ತಕದ ನಾಡಿ ಮೇಡಂ! ಹಿಂದಿನ ಮುದ್ರಣದಲ್ಲಿ ಆ ಚಿತ್ರ ತಪ್ಪಾಗಿ ಹಾಕಿದ್ರು. ಬೆರಳೆಲ್ಲ ಆ ಕಡೆ. ಪರೀಕ್ಷೇಲಿ ಪ್ರಶ್ನೆ ಬರೋದೂ ಅದರಿಂದಲೇ, ಮಾರ್ಕ್ಸ್ ಕೊಡೋದೂ ಪುಸ್ತಕದ ಪ್ರಕಾರವೇ. ತಪ್ಪು ಅಂತ ಗೊತ್ತಿದ್ರೂ ಹಾಗೇ ಉರು ಹೊಡೀಬೇಕಿತ್ತು ಪಾಪ. ಆಮೇಲೆ ಹೊಸ ಮುದ್ರಣದಲ್ಲಿ ತಿದ್ದಿದ್ರು. ನಾವೆಲ್ಲ ಹೊಸದರಲ್ಲಿ ಓದಿದೋರು. ಹಳೇದನ್ನ ಓದಿದೋಳು ನಮ್ಮಲ್ಲಿ ಒಬ್ಳೇ..."

ಪಟಾರ್ ಎಂದು ಸದ್ದಾಯಿತು. ಮೇಷ್ಟ್ರ ಕೈ ಅವನ ಕೆನ್ನೆಗೆ ಬಿದ್ದಿತ್ತು. ಸೀಳಿದ ತುಟಿ ಮತ್ತೂ ಸೀಳಿ ಗೋಡೆಗೆ ರಕ್ತ ಸಿಡಿಯಿತು.

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳೋ ಕತ್ತೆ!"

ಮೇಷ್ಟ್ರ ಚಾಳಿ ಎಂದುಕೊಂಡೆ ನಾನು. ಮೇಡಂ ಮೇಷ್ಟ್ರ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು.

"ನಾನು ಕೇಳಿದ್ದಕ್ಕೇ ಹೇಳ್ತಿದ್ದಾನೆ ಸಾರ್. ಯಾರೋ ಅವಳು?"

ಕೊಸ್ಮಿನ್ ಮೇಷ್ಟ್ರನ್ನು ನೋಡಿದ, ಮೇಡಂ ಅವರನ್ನು ನೋಡಿದ. "ಒತಿಲಿಯಾ. ಎರಡನೇ ಸಲ ಬರೀತಿದ್ದೀನಿ ಅಂತಾಳೆ. ಆದ್ರೆ ಅಣಕು ಪರೀಕ್ಷೇಲಿ ಆ ಪ್ರಶ್ನೆ ಬಂದಾಗೆಲ್ಲ ಹಳೇ ಉತ್ತರಾನೇ ಹಾಕ್ತಾಳೆ, ಸಾರ್ ಹತ್ರ ಏಟು ತಿಂತಾಳೆ. ಎಷ್ಟು ವರ್ಷದಿಂದ ಬರೀತಿದ್ದೀಯೇ ಅಜ್ಜಿ ಅಂತ ನಾವು ರೇಗಿಸಿದ್ರೆ ಬಿಕ್ಕಿ ಬಿಕ್ಕಿ ಅಳ್ತಿದ್ಲು. ಸೆಕೆಂಡ್ ಹ್ಯಾಂಡ್ ಪುಸ್ತಕ ಅಂತಿದ್ಲು."

"ಟಿವಿ ನೋಡೋರಿಗೂ ಗೊತ್ತು ಮೇಡಂ, ನಾಡಿ ಎಲ್ಲಿ ನೋಡೋದು ಅಂತ" ಎಂದೆ ನಾನು.

"ಕೈ ನಡುಗೋವಾಗ ತಲೆ ಕೆಲಸ ಮಾಡಲ್ಲ ಗಾವ್ರಿಲ್. ಬಾಯಿಪಾಠ ಕೆಲಸ ಮಾಡತ್ತೆ." ಮೇಡಂ ಎದ್ದೇಬಿಟ್ಟಿದ್ದರು. "ಎಲ್ಲಿದ್ದಾಳೋ ಈಗ ಅವಳು?"

"ಇಲಿಂಕಾ ಮನೇಲಿ. ಅವಳಮ್ಮನ ಜೊತೆ. ಹೋಗಿ ಬಂದೋರಿಗೆಲ್ಲ ಕಾಫಿ ಮಾಡ್ಕೊಟ್ಕೊಂಡು ಅಲ್ಲೇ ಇದ್ದಾಳಂತೆ."

ಆ ತಾಯಿಯ ಕೈಗೆ ನೀರು ಕೊಡಲು, ಬೆನ್ನು ಸವರಲು ಒಬ್ಬಳು ಒಳ್ಳೆಯ ಹುಡುಗಿ ಇದ್ದಾಳೆಂದು ನಿನ್ನೆ ತಾನೇ ಸಮಾಧಾನಪಟ್ಟಿದ್ದೆ.

ಕೆಳಗಿದ್ದ ಗಸ್ತಿನ ಕಾರಿನವರನ್ನು ಕರೆದು ಕೊಸ್ಮಿನ್‌ನನ್ನು ಒಪ್ಪಿಸಿದೆವು. ಹೊರಡುವಾಗ ಅವನು ಪುಸ್ತಕ ಕೇಳಿದ. ಮೇಡಂ ಕೊಟ್ಟರು. ಮೇಷ್ಟ್ರು ಬಾಗಿಲಲ್ಲಿ ನಿಂತು, ಹುಷಾರಾಗಿ ಹೋಗಿಬನ್ನಿ ಎಂದರು.

*

ಇಲಿಂಕಾಳ ಮನೆಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಮೇಡಂ ಆಸ್ಪತ್ರೆಯ ದೀನುಗೆ ಹಚ್ಚಿದರು. ಗಾಡಿ ಓಡಿಸುತ್ತಿದ್ದ ನನಗೂ ಅವನ ದನಿ ಕೇಳುತ್ತಿತ್ತು.

"ಎಲ್ಲಾ ಸರಿಯಾಗಿದೆ ಮೇಡಂ. ಅಮ್ಮ ಬಂದಿದ್ದಾರೆ. ತಂಗೀನೂ ಬಂದಿದ್ದಾಳೆ."

"ಯಾವ ತಂಗಿಯೋ? ಇಲಿಂಕಾ ಒಬ್ಳೇ ಮಗಳು!"

ಆ ಕಡೆಯಿಂದ ಏನೋ ಬಿದ್ದು ಒಡೆದ ಸದ್ದು, ಹೆಂಗಸಿನ ಕಿರುಚಾಟ, ದೀನು ಓಡಿದ ಸದ್ದು. ಫೋನ್ ಕಟ್ಟಾಯಿತು.

ಟ್ರಾಮಿನ ಹಳಿಯ ಮೇಲೆಯೇ ಗಾಡಿ ಹತ್ತಿಸಿದೆ. ಬಟ್ಟೆ ಸುತ್ತಿದ ಅಂಗೈಯಿಂದ ಸ್ಟಿಯರಿಂಗಿಗೆಲ್ಲ ರಕ್ತ ಮೆತ್ತುತ್ತಿತ್ತು. ಒಬ್ಬ ಟ್ರಾಮ್ ಚಾಲಕ ನನ್ನ ಇಡೀ ವಂಶವನ್ನು ಬೈದ. ಬೈಯಲಿ.

"ಮೇಡಂ, ಒಂದು ಅರ್ಥ ಆಗ್ತಿಲ್ಲ" ಎಂದೆ. "ಹೊಡೆತ ಬಿದ್ದ ಹೊತ್ತಲ್ಲಿ ಒತಿಲಿಯಾ ಪಾಠದಲ್ಲಿದ್ಲು ಅಂತ ಮೇಷ್ಟ್ರೇ ಹೇಳಿದ್ದಾರಲ್ಲ? ನಮ್ಮ ಮುಂದೆ ಸಹಿ ಹಾಕಿದ್ದಾರೆ."

ಮೇಡಂ ಮುಖದ ಬಣ್ಣ ಇಳಿದದ್ದನ್ನು ಕನ್ನಡಿಯಲ್ಲಿ ನೋಡಿದೆ.

"ಜೋರಾಗಿ ಓಡಿಸ್ರಿ" ಎಂದರು, ಅಷ್ಟೇ.

*

ದೀನು ಕೋಣೆಯ ಬಾಗಿಲಲ್ಲಿ ಮೊಣಕೈ ಹಿಡಿದುಕೊಂಡು ಒರಗಿದ್ದ. ಜಗಳ ಒಮ್ಮೆ ಬಿಡಿಸಿದವನು ಎರಡನೇ ಸಲ ಕಚ್ಚಿಸಿಕೊಂಡಿದ್ದ. ಒಳಗೆ ಗಾಜಿನ ಚೂರು, ಔಷಧಿಯ ನೀರು, ಉರುಳಿಬಿದ್ದ ಕಬ್ಬಿಣದ ಸ್ಟ್ಯಾಂಡ್.

ನಾನು ಅಂದುಕೊಂಡದ್ದು ಒತಿಲಿಯಾ ಇಲಿಂಕಾಳ ಮೇಲೆ ಬಿದ್ದಿರುತ್ತಾಳೆಂದು. ಕಂಡದ್ದೇ ಬೇರೆ. ಅಗ್ಲಾಯಾ ಒತಿಲಿಯಾಳನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತಿದ್ದಳು. ತಲೆಗೆ ಕಟ್ಟಿದ್ದ ಕಪ್ಪು ವಸ್ತ್ರವನ್ನು ಬಿಚ್ಚಿ ಹುಡುಗಿಯ ಕುತ್ತಿಗೆಗೆ ಸುತ್ತಿ ಎರಡೂ ತುದಿ ಎಳೆಯುತ್ತಿದ್ದಳು. ಹಳ್ಳಿಯಲ್ಲಿ ಹಸು ಕರೆದು, ಹುಲ್ಲು ಕೊಯ್ದು ಗಟ್ಟಿಯಾದ ಕೈಗಳು. ಒತಿಲಿಯಾಳ ಮುಖ ನೀಲಿಗಟ್ಟಿ, ಕಾಲು ನೆಲಕ್ಕೆ ಬಡಿಯುತ್ತಿತ್ತು.

ಬಿಡಿಸಲು ಹೋದ ನನ್ನ ಮುರಿದ ಮೂಗಿಗೇ ಅವಳ ಮೊಣಕೈ ಬಡಿಯಿತು. ಲೋಕವೆಲ್ಲ ಬೆಳ್ಳಗಾಯಿತು. ಕೊನೆಗೆ ದೀನು ಒಂದು ಕಡೆ, ನಾನು ಒಂದು ಕಡೆ, ಮೇಡಂ ಹಿಂದಿನಿಂದ ಸೊಂಟ ಹಿಡಿದು ಎಳೆದಾಗ ವಸ್ತ್ರ ಸಡಿಲವಾಯಿತು.

"ಬಿಡು ಮಗಾ ನನ್ನ! ಕೊಂದ್ಬಿಡ್ತೀನಿ ಇವಳನ್ನ! ನಾಡಿ ನೋಡಿ ಹೋದೋಳು ಇವಳಂತೆ, ಇವಳೇ ಬಾಯಿಬಿಟ್ಲು! ನನ್ನ ಮಗಳು ರಕ್ತದಲ್ಲಿ ಬಿದ್ದಿದ್ರೆ ಪಕ್ಕದಲ್ಲಿ ಕೂತು ನಾಡಿ ನೋಡಿ, ಬಾಗಿಲು ಎಳ್ಕೊಂಡು ಹೋದ್ಲಂತೆ!"

"ಇವಳನ್ನ ಇಲ್ಲಿಗೆ ಯಾಕೆ ಕರ್ಕೊಂಡು ಬಂದ್ರಿ ಅಮ್ಮಾ?" ಎಂದೆ. ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬಂದಿತ್ತು. "ಯಾರಿಗೂ ಹೇಳ್ಬೇಡಿ ಅಂತ ಕಾಲಿಗೆ ಬಿದ್ದು ಹೇಳಿದ್ದೆ!"

ತಾಯಿಯ ಮೈಯ ಬಲವೆಲ್ಲ ಒಮ್ಮೆಲೇ ಇಳಿದುಹೋಯಿತು. ಗೋಡೆಗೊರಗಿ ಕುಸಿದಳು.

"ಕೊಲಿವಾ ಬೇಯಿಸ್ತಾ ಇದ್ಲು ಕಣಪ್ಪಾ. ಸತ್ತೋರ ಹೆಸರಲ್ಲಿ ಹಂಚೋ ಗೋಧಿ. ಸಕ್ಕರೆ ಹಾಕಿ, ಅಕ್ರೋಟ್ ಹಾಕಿ, ಮೇಲೆ ಶಿಲುಬೆ ಬರೆದು, ತಿನ್ನಿ ಅಮ್ಮಾ ಅಂತ ನನ್ನ ಬಾಯಿಗೆ ಚಮಚ ಹಿಡಿದ್ಲು. ಬದುಕಿರೋ ಮಗಳ ಕೊಲಿವಾನ ಹೆತ್ತೋಳು ಹೇಗೆ ತಿನ್ನೋದು? ತಿಂದ್ರೆ ಮಗೂಗೆ ಕೇಡಲ್ವಾ? ಅವತ್ತಿನಿಂದ ಅತ್ತು ಅತ್ತು ಸಾಕಾಗಿತ್ತು. ಬಾಯಿಂದ ಬಂದ್ಬಿಡ್ತು. ಅವಳು ಬದುಕಿದ್ದಾಳೆ ಕಣೇ, ಆ ಪಾತ್ರೆ ಚೆಲ್ಲು ಅಂದ್ಬಿಟ್ಟೆ."

ನನ್ನ ಹೆತ್ತವಳಾದರೂ ಅದನ್ನೇ ಮಾಡುತ್ತಿದ್ದಳು. ಹೊಡೆದವನನ್ನು ಹಿಡಿಯುವ ಯೋಜನೆ ಹಾಕುವಾಗ ನಾವು ಗೋಧಿಯ ಪಾತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಾಸಿಗೆಯ ಮೇಲೆ ಇಲಿಂಕಾ ಯಾವುದರ ಪರಿವೆಯೂ ಇಲ್ಲದೆ ಮಲಗಿದ್ದಳು. ನರ್ಸ್ ಓಡಿಬಂದು ಕಿತ್ತುಹೋದ ಕೊಳವೆಯನ್ನು ಮತ್ತೆ ಚುಚ್ಚುತ್ತಿದ್ದಳು. ಪಕ್ಕದ ಯಂತ್ರ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅದು ನಿಲ್ಲದಿದ್ದರೆ ಸಾಕೆಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮೇಡಂ ಒತಿಲಿಯಾಳ ಕೂದಲು ಹಿಡಿದು ಮುಖ ಎತ್ತಿದರು. ಕುತ್ತಿಗೆಯ ಸುತ್ತ ಕೆಂಪು ಬರೆ ಎದ್ದಿತ್ತು.

"ಯಾಕೇ ಹೊಡೆದೆ ಅವಳನ್ನ?"

"ನಾನು ಹೊಡೀಲಿಲ್ಲ." ದನಿ ಗೊಗ್ಗರಾಗಿತ್ತು. ಕೆಮ್ಮಿ ಕೆಮ್ಮಿ ರಕ್ತ ಉಗುಳಿದಳು. "ದೇವ್ರಾಣೆ ಹೊಡೀಲಿಲ್ಲ. ನಾಡಿ ನೋಡಿದ್ದು ನಾನು. ನೋಡು ಅಂದ್ರು. ಹೋಗಿದ್ದಾಳಾ ನೋಡು, ಡಾಕ್ಟರ್ ಆಗೋಳಲ್ವಾ ನೀನು ಅಂದ್ರು. ನೋಡ್ದೆ. ಏನೂ ಸಿಗ್ಲಿಲ್ಲ. ಹೋಗಿದ್ದಾಳೆ ಸಾರ್ ಅಂದೆ."

ಸಾರ್. ಮೇಷ್ಟ್ರು ನನ್ನ ಅಂಗೈಗೆ ಕಟ್ಟಿದ್ದ ಬಟ್ಟೆಯನ್ನು ನೋಡಿಕೊಂಡೆ.

"ಬಾಯಿ ಯಾಕೆ ಮುಚ್ಕೊಂಡಿದ್ದೆ ಇಷ್ಟು ದಿನ?" ಎಂದರು ಮೇಡಂ.

"ನಮ್ಮಪ್ಪ ಅಮ್ಮನಿಗೆ ನಾನು ಮೆಡಿಕಲ್ ಎರಡನೇ ವರ್ಷ ಅಂತ ಹೇಳಿದ್ದೀನಿ. ಊರಲ್ಲೆಲ್ಲ ಹೇಳ್ಕೊಂಡು ಓಡಾಡ್ತಾರೆ. ರಜೇಲಿ ಹೋದ್ರೆ ಮಂಡಿನೋವು, ಎದೆನೋವು ಅಂತ ಜನ ಬಾಗಿಲಿಗೆ ಬಂದು ಕೂರ್ತಾರೆ. ಇನ್ನೂ ಸೀಟೇ ಸಿಕ್ಕಿಲ್ಲ ಅಂತ ಸಾರ್‌ಗೆ ಒಬ್ರಿಗೇ ಗೊತ್ತು. ಹೇಳ್ಬಿಡ್ತೀನಿ ಅಂದ್ರು. ಇಲಿಂಕಾಗೆ ಯಾವ ಹೆದರಿಕೇನೂ ಇರ್ಲಿಲ್ಲ. ಅವರು ಅಡಿಪಟ್ಟಿ ಎತ್ತಿದ್ರೆ ಇವಳು ಕಿತ್ಕೊಂಡು ವಾಪಸ್ ಹೊಡೆದ್ಲು, ಎಲ್ಲರ ಮುಂದೆ. ಅವತ್ತೇ ಸಂಜೆ ಮನೆಗೆ ಬಂದ್ರು ಅವರು. ನಾನೇ ಬಾಗಿಲು ತೆಗೆದೆ."

ಅವಳು ಹಾಸಿಗೆಯ ಕಡೆ ತೆವಳಿ ಇಲಿಂಕಾಳ ಕಾಲು ಹಿಡಿದುಕೊಂಡಳು. ಅಗ್ಲಾಯಾ ಒದೆಯಲು ಕಾಲೆತ್ತಿ, ಯಾಕೋ ಒದೆಯಲಿಲ್ಲ.

"ಇವಳು ಸತ್ತಿಲ್ಲ ಅಂತ ಗೊತ್ತಾದ ಕೂಡ್ಲೇ ಹುಚ್ಚಿ ಹಾಗೆ ಆಗೋಯ್ತು" ಎಂದಳು ಒತಿಲಿಯಾ. "ಇಲ್ಲಿಗೆ ಬಂದು ಕಣ್ಣಾರೆ ನೋಡ್ದೆ. ಉಸಿರಾಡ್ತಿದ್ಲು. ಇನ್ಮೇಲೆ ಇಬ್ರಿಗೂ ಕೊಲೆ ಪಾಪ ಇಲ್ಲ, ಅವರಿಗೂ ನೆಮ್ಮದಿ ಆಗತ್ತೆ ಅಂತ..."

"ಅಂತ?" ಮೇಡಂ ಅವಳ ಭುಜ ಹಿಡಿದು ಅಲುಗಾಡಿಸಿದರು. "ಏನೇ ಮಾಡ್ದೆ?"

"ಸಾರ್‌ಗೆ ಫೋನ್ ಮಾಡ್ದೆ. ಅಮ್ಮ ನನ್ನ ಮೇಲೆ ಬೀಳೋಕೆ ಸ್ವಲ್ಪ ಮುಂಚೆ. ಬದುಕಿದ್ದಾಳೆ ಸಾರ್, ನಾನು ತಪ್ಪು ನೋಡಿದ್ದೆ ಅಂದೆ."

ದೀನು ಮೊಣಕೈ ಬಿಟ್ಟು ಸೊಂಟದ ಪಿಸ್ತೂಲಿಗೆ ಕೈಹಾಕಿದ.

"ಅವರೇನಂದ್ರು?"

"ಬೈಲಿಲ್ಲ." ಅವಳ ಮುಖದಲ್ಲಿ ಏಟು ತಪ್ಪಿಸಿಕೊಂಡ ಮಗುವಿನ ಸಮಾಧಾನವಿತ್ತು. "ಒಳ್ಳೇ ಕೆಲಸ ಮಾಡ್ದೆ ಅಂದ್ರು. ಎಷ್ಟನೇ ಮಹಡಿ ಅಂತ ಕೇಳಿದ್ರು."